ಇಷ್ಟು ದಿನ ಏನೂ ಆಗಿಲ್ಲ ಎಂಬ ಲೆಕ್ಕ

ಹೆಲ್ಮೆಟ್ ಯಾಕೆ ಹಾಕಿಲ್ಲ ಎಂದು ಯಾರನ್ನಾದರೂ ಕೇಳಿ ನೋಡಿ. ‘ಇಲ್ಲೇ ಹಾಲಿನ ಬೂತ್‌ವರೆಗೆ ಅಷ್ಟೆ’ ಎಂಬುದು ಒಂದು ಉತ್ತರ. ‘ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ಸಾರ್, ಇಷ್ಟು ದಿನ ಏನೂ ಆಗಿಲ್ಲ’ ಎಂಬುದು ಇನ್ನೊಂದು. ಎರಡನೆಯ ಉತ್ತರ ಕೊಡುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಏನೂ ಆಗಿರುವುದಿಲ್ಲ. ಆದರೆ ಏನಾದರೂ ಆದವರು ತಮ್ಮ ಅನುಭವ ಹೇಳಲು ಟೀ ಅಂಗಡಿಯ ಮುಂದೆ ಬಂದು ನಿಲ್ಲುವುದಿಲ್ಲವಲ್ಲ. ಉಳಿದವರ ಮಾತಷ್ಟೇ ನಮ್ಮ ಕಿವಿಗೆ ಬೀಳುತ್ತದೆ. ಅದನ್ನೇ ನಂಬಿ ನಾವು ಗಾಡಿ ಸ್ಟಾರ್ಟ್ ಮಾಡುತ್ತೇವೆ.

ಕಿವಿಗೆ ಬೀಳದವರ ಲೆಕ್ಕ ಸರ್ಕಾರದ ಬಳಿ ಇದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಜನ ದ್ವಿಚಕ್ರ ವಾಹನ ಓಡಿಸುತ್ತಿದ್ದವರು ಅಥವಾ ಅದರ ಹಿಂದೆ ಕೂತಿದ್ದವರು. ಅಂದರೆ ನೂರರಲ್ಲಿ 44ಕ್ಕೂ ಹೆಚ್ಚು. ದಿನಕ್ಕೆ ಹಂಚಿದರೆ 205 ಜನ. ಮರುವರ್ಷ ರಸ್ತೆ ಸಾವುಗಳ ಒಟ್ಟು ಸಂಖ್ಯೆ 1.72 ಲಕ್ಷ ದಾಟಿತು.

ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ಗಾಬರಿಯಾಗಬಹುದು, ಆದರೆ ‘ನನಗೆಷ್ಟು ಅಪಾಯ?’ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅಪಾಯವನ್ನು ಅಳೆಯುವವರು ಅದಕ್ಕಾಗಿಯೇ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹೊವರ್ಡ್ ರೂಪಿಸಿದ ಈ ಅಳತೆಯ ಹೆಸರು ಮೈಕ್ರೋಮಾರ್ಟ್. ಸಾಯುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೆ ಅದು ಒಂದು ಮೈಕ್ರೋಮಾರ್ಟ್. ಬ್ರಿಟನ್ನಿನ ಅಂಕಿ ಅಂಶಗಳಿಂದ ಕಟ್ಟಿದ ಅಂದಾಜಿನ ಪ್ರಕಾರ ಬೈಕಿನಲ್ಲಿ ಸುಮಾರು 10 ಕಿಲೋಮೀಟರ್ ಹೋದರೆ ಒಂದು ಮೈಕ್ರೋಮಾರ್ಟ್ ಖರ್ಚಾಗುತ್ತದೆ. ಕಾರಿನಲ್ಲಿ ಅಷ್ಟೇ ಅಪಾಯ ಎದುರಿಸಬೇಕಾದರೆ 350 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು.

ಈ ದರವನ್ನು ಹಿಡಿದು ಒಂದು ಲೆಕ್ಕ ಹಾಕೋಣ. ಒಬ್ಬರು ಕೆಲಸಕ್ಕೆಂದು ದಿನಕ್ಕೆ 20 ಕಿಲೋಮೀಟರ್, ವರ್ಷಕ್ಕೆ 300 ದಿನ, ಹೀಗೆ 30 ವರ್ಷ ಬೈಕು ಓಡಿಸಿದರೆನ್ನಿ. ಒಟ್ಟು 1,80,000 ಕಿಲೋಮೀಟರ್. ಅಪಾಯ 18,000 ಮೈಕ್ರೋಮಾರ್ಟ್. ಸುಮಾರಾಗಿ 55ರಲ್ಲಿ ಒಂದು. ನಮ್ಮ ಬೈಕುಗಳು ಬ್ರಿಟನ್ನಿನವಕ್ಕಿಂತ ಸಣ್ಣವು, ವೇಗವೂ ಕಡಿಮೆ. ಇತ್ತ ನಮ್ಮ ರಸ್ತೆ, ದಟ್ಟಣೆ, ಚಿಕಿತ್ಸೆಯ ವ್ಯವಸ್ಥೆ ಬೇರೆ. ಹಾಗಾಗಿ ಆ ಸಂಖ್ಯೆಯನ್ನು ಇಲ್ಲಿಗೆ ಹಾಗೇ ತಂದು ಕೂರಿಸುವಂತಿಲ್ಲ. ಲೆಕ್ಕದ ಸ್ವಭಾವ ಮಾತ್ರ ಎಲ್ಲ ಕಡೆಯೂ ಒಂದೇ. ಒಂದು ದಿನದ ಅಪಾಯ ಹತ್ತು ಲಕ್ಷದಲ್ಲಿ ಎರಡು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೇ ಅಪಾಯ ದಿನದಿನವೂ ಕೂಡುತ್ತ ಹೋಗಿ ಒಂದು ಆಯಸ್ಸಿಗಾಗುವಾಗ 55ರಲ್ಲಿ ಒಂದಾಗಿರುತ್ತದೆ. ಇನ್ನೂ ಒಂದು ವಿಷಯ ಗಮನಿಸಿ: ಆ 55 ಜನರಲ್ಲಿ 54 ಮಂದಿ ‘ನನಗೇನೂ ಆಗಿಲ್ಲ’ ಎಂದೇ ಹೇಳುತ್ತಾರೆ. ಎಲ್ಲರೂ ನಿಜವನ್ನೇ ಹೇಳುತ್ತಾರೆ. ಆದರೂ ಆ ಮಾತಿನಿಂದ ಅವರ ಅಭ್ಯಾಸ ಸರಿಯೆಂದು ಸಾಬೀತಾಗುವುದಿಲ್ಲ.

ಹಾಗಾದರೆ ಬೈಕು ಬಿಟ್ಟುಬಿಡಬೇಕೆ? ಶ್ರೀಮಂತ ದೇಶಗಳಲ್ಲಿ ಬೈಕು ಬಹುಮಟ್ಟಿಗೆ ಹವ್ಯಾಸ. ಅಲ್ಲಿ ಹಾಗೆ ಕೇಳಬಹುದು. ನಮ್ಮಲ್ಲಿ ಅದು ಹೊಟ್ಟೆಪಾಡು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಬಹುಪಾಲು ದ್ವಿಚಕ್ರ. ಬಸ್ಸು ದಿನಕ್ಕೆರಡು ಬಾರಿ ಮಾತ್ರ ಬರುವ ಹಳ್ಳಿಯ ರೈತ ಹಾಲಿನ ಕ್ಯಾನು, ಗೊಬ್ಬರದ ಚೀಲ, ಶಾಲೆಯ ಮಕ್ಕಳು ಎಲ್ಲವನ್ನೂ ಅದರ ಮೇಲೆಯೇ ಸಾಗಿಸಬೇಕು. ಬೈಕು ಬಿಡಿ ಎಂದು ಇಂಥವರಿಗೆ ಹೇಳುವುದು ಸುಲಭ, ಬಿಡುವುದು ಅವರ ಕೈಯಲ್ಲಿಲ್ಲ. ಇರುವ ಅಪಾಯದಲ್ಲಿ ಯಾವ ಪಾಲನ್ನು ನಾವೇ ಕಡಿಮೆ ಮಾಡಿಕೊಳ್ಳಬಹುದು ಎಂದು ಕೇಳಿಕೊಂಡರೆ ಪ್ರಯೋಜನವಿದೆ. ಉತ್ತರ ಸಮಾಧಾನ ಕೊಡುವಂಥದ್ದು: ಅಪಾಯ ಎಲ್ಲ ಕಡೆಯೂ ಸಮನಾಗಿ ಹರಡಿಕೊಂಡಿಲ್ಲ. ಅದರ ದೊಡ್ಡ ಪಾಲು ಮೂರು ನಾಲ್ಕು ಅಭ್ಯಾಸಗಳಲ್ಲೇ ಇದೆ.

ಮೊದಲನೆಯದು ವೇಗ. ಅಪಘಾತವೆಂದರೆ ತಿರುವು, ಘಾಟಿ, ಮಂಜು, ಮಳೆ ನಮ್ಮ ಮನಸ್ಸಿಗೆ ಬರುತ್ತವೆ. ಸಚಿವಾಲಯದ ವರದಿ ಹೇಳುವುದು ಬೇರೆಯನ್ನೇ. 2022ರ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದಿರುವುದು ನೇರವಾದ ರಸ್ತೆಯಲ್ಲಿ, ಮುಕ್ಕಾಲು ಪಾಲು ನಡೆದಿರುವುದು ಶುಭ್ರ ಹವೆಯಲ್ಲಿ. ರಸ್ತೆ ಚೆನ್ನಾಗಿದ್ದರೆ, ಬಿಸಿಲಿದ್ದರೆ ಬಲಗೈ ತಾನಾಗಿ ತಿರುಗುತ್ತದೆ.

ವೇಗ ಸ್ವಲ್ಪ ಹೆಚ್ಚಿದರೆ ಏನಾಗುತ್ತದೆ ಎಂಬುದನ್ನು ಅಂದಾಜಿನಲ್ಲಿ ತಿಳಿಯಲಾಗದು, ಲೆಕ್ಕ ಹಾಕಿಯೇ ನೋಡಬೇಕು. ಇಬ್ಬರು ಸವಾರರು ಅಕ್ಕಪಕ್ಕ ಹೋಗುತ್ತಿದ್ದಾರೆ, ಒಬ್ಬರು 40ರಲ್ಲಿ, ಇನ್ನೊಬ್ಬರು 60ರಲ್ಲಿ. ಮುಂದೆ ಅಡ್ಡಲಾಗಿ ಒಂದು ಆಟೊ ಬಂತು. ಕಣ್ಣು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಮೊದಲನೆಯವರು 11 ಮೀಟರ್, ಎರಡನೆಯವರು 17 ಮೀಟರ್ ಮುಂದೆ ಹೋಗಿರುತ್ತಾರೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಿಡಿದರೆ 40ರವರು ಒಟ್ಟು 21 ಮೀಟರಿನೊಳಗೆ ನಿಲ್ಲುತ್ತಾರೆ. 60ರವರಿಗೆ 40 ಮೀಟರ್ ಬೇಕು. ವೇಗ ಒಂದೂವರೆ ಪಟ್ಟು, ದೂರ ಹತ್ತಿರ ಹತ್ತಿರ ಎರಡು ಪಟ್ಟು. ಅದಕ್ಕಿಂತ ಮುಖ್ಯ ಇನ್ನೊಂದಿದೆ. 40ರವರು ಪೂರ್ತಿ ನಿಂತ ಜಾಗದಲ್ಲಿ 60ರವರ ಬೈಕು ಇನ್ನೂ ಗಂಟೆಗೆ 53 ಕಿಲೋಮೀಟರ್ ವೇಗದಲ್ಲಿರುತ್ತದೆ. ಬ್ರೇಕು ಹಿಡಿದದ್ದು ಇಬ್ಬರೂ ಒಂದೇ ಕ್ಷಣದಲ್ಲಿ. ಒಬ್ಬರು ಆಟೊದವನನ್ನು ಬೈದು ಮುಂದೆ ಹೋಗುತ್ತಾರೆ, ಇನ್ನೊಬ್ಬರನ್ನು ಆಂಬುಲೆನ್ಸಿಗೆ ಎತ್ತಬೇಕಾಗುತ್ತದೆ. 40ರ ವೇಗದಲ್ಲಿ ಗೋಡೆಗೆ ಗುದ್ದುವುದು ಎರಡಂತಸ್ತಿನ ಮನೆಯ ತಾರಸಿಯಿಂದ ಬಿದ್ದಂತೆ. 60ರಲ್ಲಾದರೆ ಅದು ನಾಲ್ಕಂತಸ್ತಿನ ಕಟ್ಟಡದ ತಾರಸಿ.

ಬ್ರೇಕಿನ ಮಾತು ಬಂದಿದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡಬೇಕು. ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂದು ಗಾಡಿ ಕಲಿಸುವ ಅಣ್ಣಂದಿರು ಹೇಳಿಕೊಟ್ಟಿರುತ್ತಾರೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರಾಗುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಹಿಂದಿನದೊಂದನ್ನೇ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ, ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಜಗ್ಗದೆ ಕ್ರಮವಾಗಿ ಬಿಗಿಯುತ್ತ ಹಿಡಿಯಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಿರುವ ಗಾಡಿಯಲ್ಲಿ ಹೆದರದೆ ಗಟ್ಟಿಯಾಗಿಯೇ ಹಿಡಿಯಬಹುದು. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಇದನ್ನು ಅಭ್ಯಾಸ ಮಾಡಿದವರು ನಮ್ಮಲ್ಲಿ ಎಷ್ಟು ಜನ?

ಅಭ್ಯಾಸ ಏಕೆ ಬೇಕೆಂಬುದಕ್ಕೆ ಹಳೆಯದಾದರೂ ಇಂದಿಗೂ ಹೊಂದುವ ಒಂದು ಅಧ್ಯಯನವಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಇನ್ನೊಂದು ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕಿಗೆ ದಾರಿ ಬಿಡಬೇಕಿದ್ದವರು ಬಿಟ್ಟಿರಲಿಲ್ಲ. ಬೈಕು ಬರುತ್ತಿದ್ದುದನ್ನು ಅವರಲ್ಲಿ ಬಹಳಷ್ಟು ಮಂದಿ ಕಂಡಿರಲೇ ಇಲ್ಲ, ಇಲ್ಲವೇ ತೀರಾ ತಡವಾಗಿ ಕಂಡಿದ್ದರು. ಅಪಾಯ ಎದುರಾದ ಗಳಿಗೆಯಿಂದ ಡಿಕ್ಕಿಯವರೆಗೆ ಸವಾರನಿಗೆ ಸಿಕ್ಕಿದ್ದ ಸಮಯ ಎರಡು ಸೆಕೆಂಡಿಗೂ ಕಡಿಮೆ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಅಥವಾ ಮನೆಯವರಿಂದ, ಗೆಳೆಯರಿಂದ ಬೈಕು ಕಲಿತವರು.

ಇದರಿಂದ ಕಲಿಯುವ ಪಾಠ ಸರಳ: ‘ಅವನು ನನ್ನನ್ನು ನೋಡಿದ್ದಾನೆ’ ಎಂದುಕೊಂಡು ಓಡಿಸಬಾರದು. ಬಸ್ಸಿನ, ಲಾರಿಯ ಎಡಬದಿ ಚಾಲಕನಿಗೆ ಬಹುಮಟ್ಟಿಗೆ ಕಾಣದ ಜಾಗ. ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಕ್ಕೆ ನುಗ್ಗುವುದು, ಸಿಗ್ನಲ್ಲಿನಲ್ಲಿ ಲಾರಿಯ ಮುಂಚಕ್ರದ ಪಕ್ಕ ಹೋಗಿ ನಿಲ್ಲುವುದು, ನಿಂತ ಕಾರುಗಳ ಬಾಗಿಲಿಗೆ ಒತ್ತಿಕೊಂಡು ಹೋಗುವುದು, ಇವೆಲ್ಲ ಎದುರಿನವರ ಕಣ್ಣಿನ ಮೇಲೆ ನಮ್ಮ ಜೀವ ಇಟ್ಟಂತೆ. 2017ರ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರುವುದು ಇದೇ ಕಾರಣಕ್ಕೆ. ‘ಲೈಟ್ ಆನ್ ಇದೆ’ ಎಂದು ಎದುರಿನಿಂದ ಬರುವವರು ಬೆರಳು ಬಿಚ್ಚಿ ಮುಚ್ಚಿ ಸನ್ನೆ ಮಾಡಿದರೆ ಬೇಸರ ಬೇಡ. ನೀವು ಕಂಡಿದ್ದೀರಿ ಎಂದೇ ಅದರರ್ಥ.

ಇನ್ನು ಹೆಲ್ಮೆಟ್. ಇದರ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಸಾವಿದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಜಗತ್ತಿಗೆ ಗೊತ್ತಿರುವ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿರಸ್ತೆಯೊಂದರಲ್ಲಿ ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡರು. ಅವರನ್ನು ನೋಡಲು ಬಂದಿದ್ದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಸೈನ್ಯದಲ್ಲಿ ಪತ್ರ, ಸಂದೇಶ ಒಯ್ಯುವ ಬೈಕ್ ಸವಾರರ ತಲೆಪೆಟ್ಟುಗಳನ್ನು ಮುಂದೆ ಅವರು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಎಂಟು ದಶಕದಲ್ಲಿ ನಡೆದ ಸಂಶೋಧನೆ ಅದನ್ನೇ ಗಟ್ಟಿ ಮಾಡಿದೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ಟಿನಿಂದ ಅಪಘಾತಕ್ಕೆ ಸಿಕ್ಕ ಸವಾರನ ಸಾವಿನ ಅಪಾಯ ನೂರಕ್ಕೆ 42ರಷ್ಟು, ತಲೆಪೆಟ್ಟಿನ ಅಪಾಯ 69ರಷ್ಟು ತಗ್ಗುತ್ತದೆ.

ನಮ್ಮ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರೆಲ್ಲ ಹೆಲ್ಮೆಟ್ ಹಾಕಿದ್ದರೆ, ಆ 42ರ ದರದಲ್ಲಿ, ಸುಮಾರು 21 ಸಾವಿರ ಜನ ಇಂದು ಮನೆಯಲ್ಲಿರುತ್ತಿದ್ದರು. ಬೈಕಿನ ಬೆಲೆಯ ನೂರರಲ್ಲಿ ಒಂದೆರಡು ಪಾಲು ಖರ್ಚಿನಲ್ಲಿ ಇಷ್ಟು ಅಪಾಯ ಇಳಿಸುವ ಬೇರೆ ಉಪಾಯ ಯಾವುದೂ ಇಲ್ಲ.

ಹೆಲ್ಮೆಟ್ ಕೆಲಸ ಮಾಡುವುದು ಅದರ ಗಟ್ಟಿ ಚಿಪ್ಪಿನಿಂದಷ್ಟೇ ಅಲ್ಲ. ಚಿಪ್ಪಿನೊಳಗಿನ ದಪ್ಪ ಥರ್ಮಾಕೋಲ್ ಪದರ ಪೆಟ್ಟಿಗೆ ನಜ್ಜುಗುಜ್ಜಾಗುತ್ತ ಆ ರಭಸವನ್ನು ಹೀರಿಕೊಳ್ಳುತ್ತದೆ, ತಲೆ ಒಮ್ಮೆಲೇ ನಿಲ್ಲದೆ ಕ್ಷಣಕಾಲ ತಡೆದು ನಿಲ್ಲುತ್ತದೆ. ಅಷ್ಟರಿಂದಲೇ ಮಿದುಳು ಉಳಿಯುತ್ತದೆ. ಆ ಪದರ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಹೊಸದರಂತೆ ಕಂಡರೂ ಮುಗಿದ ಹಾಗೆಯೇ. ರಸ್ತೆ ಬದಿಯಲ್ಲಿ ಮಾರುವ ಟೋಪಿಯಂಥ ಹೆಲ್ಮೆಟ್ಟುಗಳಲ್ಲಿ ಈ ಪದರ ಇರುವುದೇ ಇಲ್ಲ, ಇದ್ದರೂ ಸ್ಪಂಜಿನದು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ಆದರೂ ಅವು ಸಿಗುತ್ತವೆ, ಏಕೆಂದರೆ ಕೊಳ್ಳುವವರು ಪೊಲೀಸರನ್ನು ನೆನೆದು ಕೊಳ್ಳುತ್ತಾರೆ, ತಲೆಯನ್ನು ನೆನೆದಲ್ಲ. ಹೆಲ್ಮೆಟ್ ಇಲ್ಲದಿದ್ದರೆ ಕೇಂದ್ರದ ಕಾಯ್ದೆಯಲ್ಲಿ 1,000 ರೂಪಾಯಿ ದಂಡ. ಕರ್ನಾಟಕ ಅದನ್ನು 500ಕ್ಕೆ ಇಳಿಸಿಕೊಂಡಿದೆ. ಪಟ್ಟಿ ಹಾಕದ ಹೆಲ್ಮೆಟ್ ಆ 500 ರೂಪಾಯಿಯನ್ನು ಉಳಿಸಬಹುದು. ಬಿದ್ದ ಗಳಿಗೆಯಲ್ಲಿ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ.

ಹಿಂದೆ ಕೂತವರ ವಿಷಯದಲ್ಲಿ ನಾವು ಇನ್ನೂ ಉದಾಸೀನರು. ಹಿಂಬದಿ ಸವಾರರಿಗೆ ಹೆಲ್ಮೆಟ್ ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಕಡ್ಡಾಯ. ಆದರೂ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರಲ್ಲಿ 14,337 ಮಂದಿ ಹಿಂದೆ ಕೂತಿದ್ದವರು. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರನ್ನು ನಾವು ಕಳೆದುಕೊಂಡದ್ದು 2021ರ ಜೂನ್‌ನಲ್ಲಿ. ಅಂದು ರಾತ್ರಿ ಅವರು ಗೆಳೆಯರ ಬೈಕಿನ ಹಿಂದೆ ಕೂತಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಅವರ ಮಿದುಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಕುಟುಂಬದವರು ಅಂಗಾಂಗ ದಾನ ಮಾಡಿದರು.

ಹೆಲ್ಮೆಟ್ ಎಲ್ಲದರಿಂದಲೂ ಕಾಪಾಡುತ್ತದೆ ಎನ್ನುವುದೂ ತಪ್ಪು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ತರುಣ ಹರೀಶ್ ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು. ದೇಹ ತುಂಡಾಗಿದ್ದರೂ ಪ್ರಜ್ಞೆಯಿದ್ದಾಗ ಅವರು ತಮ್ಮ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ಹೆಲ್ಮೆಟ್ಟಿನಿಂದಾಗಿ ಉಳಿದಿದ್ದ ಕಣ್ಣುಗಳನ್ನು ವೈದ್ಯರು ಪಡೆದರು. ಭಾರೀ ವಾಹನದ ಪಕ್ಕದಲ್ಲಿ ಬೈಕಿಗಿರುವ ರಕ್ಷಣೆ ಒಂದೇ, ಅಂತರ. ಅಂತರ ಸಿಗದಿದ್ದರೆ ಓವರ್‌ಟೇಕ್ ಬೇಡ, ಹಿಂದೆಯೇ ಇರಿ.

ನಮ್ಮ ನೆಲದ್ದೇ ಆದ ಕೆಲವು ಅಪಾಯಗಳನ್ನು ವಿದೇಶದ ಯಾವ ಕೈಪಿಡಿಯೂ ಹೇಳಿಕೊಡುವುದಿಲ್ಲ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿ, ತೊಗರಿಯನ್ನು ಒಕ್ಕಣೆಗೆಂದು ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಬೈಕು ಜಾರದೆ ಇರದು. ಅಲ್ಲಿ ವೇಗವನ್ನು ಮೊದಲೇ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಬ್ರೇಕ್ ಮುಟ್ಟದೆ ದಾಟಬೇಕು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟು, ರಿಫ್ಲೆಕ್ಟರ್ ಏನೂ ಇಲ್ಲದ ಟ್ರೇಲರುಗಳು ರಾತ್ರಿ ರಸ್ತೆಯಲ್ಲಿರುತ್ತವೆ. ಎದುರಿನ ಹೈಬೀಮ್ ಕಣ್ಣಿಗೆ ಹೊಡೆದ ಆ ಒಂದು ಗಳಿಗೆಯಲ್ಲೇ ಮುಂದೆ ಒಂದು ಟ್ರೇಲರ್ ಇರಬಹುದು. ರಾತ್ರಿಯ ನಿಯಮ ಒಂದೇ: ಹೆಡ್‌ಲೈಟಿನ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗಕ್ಕಿಂತ ಹೆಚ್ಚು ಬೇಡ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಜಾರುತ್ತದೆ. ನಡು ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳವೆಂದು ಗೊತ್ತಾಗುವುದಿಲ್ಲ. ಬೋಳು ಟೈರಿನಲ್ಲಿ ಎರಡೂ ಇನ್ನಷ್ಟು ಕೆಟ್ಟವು. ಸೀರೆಯ ಸೆರಗು, ವೇಲ್ ಚಕ್ರಕ್ಕೆ ಸಿಕ್ಕಿ ಆಗುವ ಸಾವುಗಳಂತೂ ಪೂರ್ತಿ ತಪ್ಪಿಸಬಹುದಾದವು. ಹಿಂಚಕ್ರದ ಅರ್ಧಕ್ಕಾದರೂ ಸೀರೆ ಗಾರ್ಡ್ ಇರಬೇಕೆಂದು ನಿಯಮವೇ ಇದೆ. ಚೆಂದಕ್ಕೆಂದು ಅದನ್ನು ಬಿಚ್ಚಿಸುವುದು ಬೇಡ.

ಕುಡಿತದ ಬಗ್ಗೆ ಉದ್ದ ಮಾತು ಬೇಕಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಾಲ್ಕು ಚಕ್ರದ ಗಾಡಿ ಕುಡಿದವನ ಕೈಯಲ್ಲೂ ತಾನಾಗಿ ನಿಂತಿರುತ್ತದೆ. ಎರಡು ಚಕ್ರದ್ದನ್ನು ನಿಲ್ಲಿಸಿಕೊಂಡಿರುವುದು ಸವಾರನ ಸಮತೋಲ, ಮದ್ಯ ಕೆಡಿಸುವುದೂ ಅದನ್ನೇ. ನಿದ್ದೆಗೆಟ್ಟ ಸವಾರಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಎಲ್ಲವನ್ನೂ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗುರುತೇ ಇಲ್ಲದ ಹಂಪ್ಸ್, ಮುಚ್ಚದ ಅಗೆತ, ದೀಪವಿಲ್ಲದ ಕೂಡುರಸ್ತೆ ಇವಕ್ಕೆ ಯಾರು ಹೊಣೆ? ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಗುತ್ತಿಗೆದಾರರಿಗೆ, ಅಧಿಕಾರಿಗಳಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಕಲಂ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಸೇರಿದೆ. ಹೆಲ್ಮೆಟ್ಟಿನ ದಂಡ ಬೀದಿಬೀದಿಯಲ್ಲಿ ವಸೂಲಾಗುತ್ತದೆ, ಈ ದಂಡದ ಸುದ್ದಿ ಕೇಳಿಬರುವುದು ತೀರಾ ಅಪರೂಪ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಹೊರಗಿಟ್ಟದ್ದು ವೇಗದ ವ್ಯತ್ಯಾಸ ನೋಡಿದರೆ ಸರಿಯಾದ ತೀರ್ಮಾನವೇ. ಆದರೆ ಬೈಕಿನವರನ್ನು ಸರ್ವಿಸ್ ರಸ್ತೆಗೆ ಕಳಿಸಿದ ಮೇಲೆ ಆ ರಸ್ತೆಯನ್ನೂ ಸುರಕ್ಷಿತವಾಗಿಡುವ ಹೊಣೆ ಹೊತ್ತಂತೆ. ಗುಂಡಿ ಮುಚ್ಚಿ ಎಂದು ಕೇಳುವುದು ನಮ್ಮ ಹಕ್ಕು. ಮುಚ್ಚುವವರೆಗೆ ಗುಂಡಿ ಇದೆ ಎಂದೇ ಓಡಿಸುವುದು ನಮ್ಮ ಬದುಕಿಗೆ ಬೇಕಾದ ಎಚ್ಚರ.

ಅಪಘಾತ ಕಂಡವರಿಗೂ ಒಂದು ಮಾತು. ‘ಕೇಸಿಗೆ ಸಿಕ್ಕಿಹಾಕಿಕೊಳ್ತೀನಿ’ ಎಂಬ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆಸರು ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಹರೀಶ್ ಹೆಸರಿನಲ್ಲಿ ಕರ್ನಾಟಕ 2016ರಲ್ಲೇ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ಯೋಜನೆ ತಂದಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. 108ಕ್ಕೆ ಕರೆ ಮಾಡಿ. ಬಿದ್ದವರ ಕತ್ತನ್ನು ಅಲುಗಾಡಿಸಬೇಡಿ, ಉಸಿರಾಡುತ್ತಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕೊನೆಯದಾಗಿ ಮನೆಯ ಹಿರಿಯರಿಗೆ. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿಮಗೇ. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಅದಕ್ಕೂ ಅಳತೆಯ ಹೆಲ್ಮೆಟ್, ಸವಾರನಿಗೆ ಬಿಗಿಯುವ ಬೆಲ್ಟು ಬೇಕು, ವೇಗ 40 ಮೀರಬಾರದು. ಮಗುವಿನ ಕುರಿತ ಈ ನಿಯಮಗಳು 2023ರಿಂದ ಕಾನೂನು. ಮಗ ಕೆಲಸಕ್ಕೆ ಸೇರಿ ಬೈಕು ಕೇಳಿದಾಗ ಎಷ್ಟು ಸಿಸಿ ಎಂದು ಚರ್ಚಿಸುವ ಮೊದಲು ಎಬಿಎಸ್ ಇದೆಯೇ ಎಂದು ಕೇಳಿ. ಅದೇ ದಿನ ಎರಡು ಒಳ್ಳೆಯ ಹೆಲ್ಮೆಟ್ ಕೊಡಿಸಿ, ಒಂದು ಹಿಂದೆ ಕೂರುವವರಿಗೆ. ಸೈಲೆನ್ಸರ್ ಬದಲಿಸಲು ಇಟ್ಟ ಹಣದಲ್ಲಿ ಟೈರು ಬದಲಿಸಲಿ. ಹಾಲಿನ ಬೂತಿಗೆ ಹೊರಟರೂ ಹೆಲ್ಮೆಟ್ಟಿನ ಪಟ್ಟಿ ಕ್ಲಿಕ್ ಎನ್ನಲಿ, ವೇಗದ ಮುಳ್ಳು ಊರೊಳಗೆ 40ರ ಆಸುಪಾಸಿನಲ್ಲೇ ಇರಲಿ. ಬೈಕು ಓಡಿಸುವವರೆಗೆ ಅಪಾಯ ಪೂರ್ತಿ ಹೋಗುವುದಿಲ್ಲ. ಅದರ ದೊಡ್ಡ ಪಾಲನ್ನು ಇಳಿಸುವುದು ಮಾತ್ರ ಗಾಡಿಯ ಮೇಲೆ ಕೂತವರ ಕೈಯಲ್ಲೇ ಇದೆ.